750 ಗಂಟೆಗಳ ಲೆಕ್ಕ: ಆನ್‌ಲೈನ್ ನರ್ಸ್ ಪ್ರಾಕ್ಟಿಷನರ್ ಪದವಿ ಓದಿದ ಕನ್ನಡತಿಯೊಬ್ಬರ ಪ್ರಕರಣ

ಈ ಬರಹದಲ್ಲಿ ಬರುವವರನ್ನು ವನಜಾ ಎಂದು ಕರೆಯುತ್ತೇನೆ. ಅದು ಅವರ ನಿಜವಾದ ಹೆಸರಲ್ಲ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದು, ಊರು, ಆಸ್ಪತ್ರೆ, ವಿಶ್ವವಿದ್ಯಾಲಯ ಮತ್ತು ಕುಟುಂಬದ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ತೆಗೆದುಕೊಂಡ ತೀರ್ಮಾನಗಳು, ಅವುಗಳ ಹಿಂದಿನ ಕಾರಣಗಳು ಮತ್ತು ಫಲ ಮಾತ್ರ ನಡೆದ ಹಾಗೆಯೇ ಇವೆ. ಇದೇ ದಾರಿಯಲ್ಲಿ ಕೆಲವು ವರ್ಷ ಮೊದಲು ನಡೆದವಳೆಂಬ ಕಾರಣಕ್ಕೆ ಅವರ ಓದಿನ ಉದ್ದಕ್ಕೂ ನಾನು ಸಲಹೆಗಾರ್ತಿಯಾಗಿ ಜೊತೆಗಿದ್ದೆ. ಅಮೆರಿಕದಲ್ಲಿ ನರ್ಸ್‌ಗಳಾಗಿ ದುಡಿಯುತ್ತಿರುವ ಕನ್ನಡಿಗರು ಈ ಪದವಿಯ ಬಗ್ಗೆ ಮೊದಲು ಕೇಳುವುದು "ಕೆಲಸ ಬಿಡದೆ ಓದಬಹುದಾ?" ಎಂದು. ವನಜಾ ಕೇಳಿದ್ದೂ ಅದನ್ನೇ. ಅವರ ಅನುಭವವನ್ನು ಹತ್ತಿರದಿಂದ ನೋಡಿದ ಮೇಲೆ, ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಉತ್ತರಿಸುವ ಮೊದಲು ಬೇರೆಯದೇ ಒಂದು ಲೆಕ್ಕ ಹಾಕಬೇಕು ಎಂಬುದು ನನಗೆ ಖಚಿತವಾಗಿದೆ.

ಹಿನ್ನೆಲೆ

ವನಜಾ ಮಲೆನಾಡಿನ ಕಡೆಯವರು. ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ, ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ಕೆಲಸ ಮಾಡಿ, ಅಮೆರಿಕದ ನರ್ಸಿಂಗ್ ಪರವಾನಗಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾದ ಬಳಿಕ ಉದ್ಯೋಗದ ಆಧಾರದ ಇಬಿ-3 ವೀಸಾದ ಮೂಲಕ ಗ್ರೀನ್ ಕಾರ್ಡ್ ಪಡೆದು ಟೆಕ್ಸಾಸ್‌ಗೆ ಬಂದವರು. ಈ ಪ್ರಕರಣ ಆರಂಭವಾದಾಗ ಅವರಿಗೆ ಮೂವತ್ತೆಂಟು ವರ್ಷ. ಆಸ್ಪತ್ರೆಯ ಐಸಿಯುವಿನಲ್ಲಿ ವಾರಕ್ಕೆ ಮೂರು ರಾತ್ರಿ, ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ, ಹನ್ನೆರಡು ಗಂಟೆಗಳ ಪಾಳಿ. ಪತಿ ಔಷಧಿ ಗೋದಾಮೊಂದರಲ್ಲಿ ಮೇಲ್ವಿಚಾರಕರು. ಮಗಳು ಆಗ ಹತ್ತು ವರ್ಷದವಳು, ಮಗನಿಗೆ ಇನ್ನೂ ಎರಡು ತುಂಬಿರಲಿಲ್ಲ. ಅತ್ತೆ ಊರಿನಲ್ಲಿ ಒಬ್ಬರೇ ಇದ್ದರು. ನಾದಿನಿಯ ಮನೆ ಶಿವಮೊಗ್ಗದಲ್ಲಿ.

ನರ್ಸ್ ಪ್ರಾಕ್ಟಿಷನರ್ ಎಂಬ ಹುದ್ದೆ ನಮ್ಮ ಊರಿನ ಓದುಗರಿಗೆ ಅಷ್ಟಾಗಿ ಪರಿಚಿತವಲ್ಲ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಇದರ ಮೊದಲ ತರಬೇತಿಯನ್ನು ಆರಂಭಿಸಿದರು. ಇಂದು ಇದು ಸ್ನಾತಕೋತ್ತರ ಅಥವಾ ಡಾಕ್ಟರೇಟ್ ಮಟ್ಟದ ಪದವಿ. ಪಡೆದವರು ರೋಗಿಯನ್ನು ತಪಾಸಣೆ ಮಾಡಿ, ರೋಗ ನಿರ್ಣಯಿಸಿ, ಔಷಧಿ ಬರೆದುಕೊಡುತ್ತಾರೆ. ಎಷ್ಟು ಸ್ವತಂತ್ರವಾಗಿ ಎಂಬುದನ್ನು ಆಯಾ ರಾಜ್ಯದ ಕಾನೂನು ನಿರ್ಧರಿಸುತ್ತದೆ: ಕೊಲೊರಾಡೊ, ಅರಿಜೋನಾಗಳಲ್ಲಿ ಪೂರ್ಣ ಅಧಿಕಾರವಿದ್ದರೆ, ಟೆಕ್ಸಾಸ್‌ನಲ್ಲಿ ಔಷಧಿ ಬರೆಯಲು ವೈದ್ಯರೊಬ್ಬರ ಜೊತೆ ಲಿಖಿತ ಒಪ್ಪಂದ ಇರಲೇಬೇಕು. ವನಜಾ ಆರಿಸಿಕೊಂಡದ್ದು ಎಲ್ಲ ವಯಸ್ಸಿನವರನ್ನೂ ನೋಡುವ ಫ್ಯಾಮಿಲಿ ನರ್ಸ್ ಪ್ರಾಕ್ಟಿಷನರ್ ವಿಭಾಗವನ್ನು. ಐಸಿಯುವಿನ ರಾತ್ರಿ ಪಾಳಿಯನ್ನು ಐವತ್ತರ ವಯಸ್ಸಿನಲ್ಲಿಯೂ ಮಾಡುತ್ತಿರಲು ಸಾಧ್ಯವಿಲ್ಲ ಎಂಬುದು ಅವರ ಮುಖ್ಯ ಕಾರಣವಾಗಿತ್ತು. ಅದು ಪ್ರಾಮಾಣಿಕವಾದ ಮತ್ತು ಸಾಕಾದ ಕಾರಣವೆಂದೇ ನಾನು ತಿಳಿದಿದ್ದೇನೆ.

ಸೇರುವ ಮುಂಚೆ ಅವರು ಮಾಡಿದ ಎರಡು ಕೆಲಸಗಳನ್ನು ಇಲ್ಲಿ ಹೇಳಲೇಬೇಕು. ನರ್ಸಿಂಗ್ ಕೋರ್ಸುಗಳನ್ನು ಪರಿಶೀಲಿಸುವ ಸಿಸಿಎನ್‌ಇ ಸಂಸ್ಥೆಯ ಮಾನ್ಯತೆ ಕೋರ್ಸಿಗೆ ಇದೆಯೇ ಎಂದು ನೋಡಿದರು, ಏಕೆಂದರೆ ಮಾನ್ಯತೆ ಇಲ್ಲದ ಕೋರ್ಸಿನಿಂದ ಬಂದವರಿಗೆ ಕೊನೆಯ ಪ್ರಮಾಣಪತ್ರ ಪರೀಕ್ಷೆಗೆ ಕೂರಲು ಅವಕಾಶವಿರುವುದಿಲ್ಲ. ಬೇರೆ ರಾಜ್ಯದಲ್ಲಿದ್ದ ಆ ವಿಶ್ವವಿದ್ಯಾಲಯವು ಟೆಕ್ಸಾಸ್ ನಿವಾಸಿಗಳನ್ನು ಸೇರಿಸಿಕೊಂಡು ಟೆಕ್ಸಾಸ್‌ನಲ್ಲಿಯೇ ಕ್ಲಿನಿಕಲ್, ಅಂದರೆ ರೋಗಿಗಳನ್ನು ನೋಡುತ್ತಾ ಕಲಿಯುವ ತರಬೇತಿ, ಮಾಡಲು ಬಿಡುತ್ತದೆಯೇ ಎಂಬುದನ್ನೂ ಬರಹದಲ್ಲಿ ಕೇಳಿ ಖಾತ್ರಿಪಡಿಸಿಕೊಂಡರು. ಶುಲ್ಕಕ್ಕೆ ಆಸ್ಪತ್ರೆಯ ನೆರವು ಇತ್ತು. ಉದ್ಯೋಗದಾತರು ಓದಿಗೆ ಕೊಡುವ ಹಣದಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ಅಮೆರಿಕದಲ್ಲಿ ಆದಾಯ ತೆರಿಗೆ ಇರುವುದಿಲ್ಲ. ಆ ನೆರವಿಗೆ ಆಸ್ಪತ್ರೆ ಹಾಕಿದ್ದ ಷರತ್ತು, ಪ್ರತಿ ವಿಷಯದಲ್ಲೂ ಬಿ ದರ್ಜೆಗೆ ಕಡಿಮೆಯಾಗಬಾರದು ಮತ್ತು ವಿಷಯವನ್ನು ನಡುವೆ ಕೈಬಿಟ್ಟರೆ ಹಣ ಹಿಂದಿರುಗಿಸಬೇಕು ಎಂಬುದಾಗಿತ್ತು.

ಸಮಸ್ಯೆ ತಲೆಯೆತ್ತಿದ ಬಗೆ

2021ರ ಆಗಸ್ಟ್‌ನಲ್ಲಿ ಸೇರಿದಾಗ ಅವರ ಯೋಜನೆ ಹೀಗಿತ್ತು: ವರ್ಷಕ್ಕೆ ಮೂರು ಸೆಮಿಸ್ಟರ್, ಒಟ್ಟು ಏಳು, 2023ರ ಡಿಸೆಂಬರ್‌ಗೆ ಪದವಿ, ಕೆಲಸ ಇದ್ದಂತೆಯೇ ಪೂರ್ಣಾವಧಿ. ಮೊದಲ ಮೂರು ಸೆಮಿಸ್ಟರ್‌ಗಳು ಪಾಠಗಳದ್ದೇ ಆಗಿದ್ದವು. ಮಕ್ಕಳು ಮಲಗಿದ ಮೇಲೆ ಮತ್ತು ರಜೆಯ ಹಗಲುಗಳಲ್ಲಿ ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿ ಬರೆದು, ಪ್ಯಾಥೊಫಿಸಿಯಾಲಜಿ (ರೋಗದಿಂದ ದೇಹದ ಕ್ರಿಯೆಗಳು ಬದಲಾಗುವ ಬಗೆಯ ಅಧ್ಯಯನ), ಔಷಧಶಾಸ್ತ್ರ, ದೇಹ ತಪಾಸಣೆ ಈ ಮೂರು ಕಠಿಣ ವಿಷಯಗಳನ್ನೂ ಒಳ್ಳೆಯ ಅಂಕಗಳಿಂದ ಮುಗಿಸಿದರು. ತೊಡಕು ಬಂದದ್ದು ಪರೀಕ್ಷೆಗಳಲ್ಲಿ ಮಾತ್ರ. ಕ್ಯಾಮೆರಾ ಕಾವಲಿನಲ್ಲಿ ನಡೆಯುವ ಪರೀಕ್ಷೆಯ ನಡುವೆ ಒಮ್ಮೆ ಮಗ ಬಾಗಿಲು ತೆರೆದು ಒಳಬಂದು ಮಡಿಲೇರಿದಾಗ ಅದು ಅಕ್ರಮದ ಶಂಕೆಯೆಂದು ದಾಖಲಾಗಿ, ವಿವರಣೆ ಕೊಡಬೇಕಾಯಿತು. ಅಂದಿನಿಂದ ಅವರು ಸಾರ್ವಜನಿಕ ಗ್ರಂಥಾಲಯದ ಓದುಕೋಣೆಯನ್ನು ಮುಂಗಡ ಕಾದಿರಿಸಿ ಅಲ್ಲಿಯೇ ಪರೀಕ್ಷೆ ಬರೆದರು. ಈ ಮೊದಲ ವರ್ಷದ ಯಶಸ್ಸು ಇಡೀ ಮನೆಗೆ ಒಂದು ಭರವಸೆಯನ್ನು ಕೊಟ್ಟಿತು: ಉಳಿದದ್ದೂ ಹೀಗೆಯೇ ಸಾಗುತ್ತದೆ ಎಂದು.

ಆ ಭರವಸೆಗೆ ಆಧಾರವಿರಲಿಲ್ಲ. ಪಾಠಗಳಷ್ಟೇ ಆನ್‌ಲೈನ್. ಅವರ ಕೋರ್ಸಿನಲ್ಲಿ 750 ಗಂಟೆ ರೋಗಿಗಳ ಎದುರೇ ನಿಂತು ಕಲಿಯಬೇಕಿತ್ತು. ಹಿಂದೆ 500 ಇದ್ದ ರಾಷ್ಟ್ರೀಯ ಕನಿಷ್ಠ ಮಾನದಂಡವೂ 2022ರ ಪರಿಷ್ಕರಣೆಯಲ್ಲಿ 750ಕ್ಕೆ ಏರಿತು. ಉಳಿದ ನಾಲ್ಕು ಸೆಮಿಸ್ಟರ್‌ಗಳಲ್ಲಿ ಮೊದಲ ಮೂರಕ್ಕೆ ತಲಾ 180, ಕೊನೆಯದಕ್ಕೆ 210 ಗಂಟೆ. ಹದಿನೈದು ವಾರದ ಸೆಮಿಸ್ಟರ್‌ಗೆ 180 ಎಂದರೆ ವಾರಕ್ಕೆ ಹನ್ನೆರಡು ಗಂಟೆ. ಹೋಗಿಬರುವ ಸಮಯ ಸೇರಿದರೆ ಎರಡು ಹಗಲು. ಉಪನ್ಯಾಸವನ್ನು ರಾತ್ರಿ ಹನ್ನೊಂದಕ್ಕೆ ಕೇಳಬಹುದು, ಆದರೆ ಕ್ಲಿನಿಕ್ ಬೆಳಿಗ್ಗೆ ಎಂಟಕ್ಕೆ ತೆರೆದು ಸಂಜೆ ಐದಕ್ಕೆ ಮುಚ್ಚುತ್ತದೆ.

ಇದಕ್ಕೂ ಮಿಗಿಲಾಗಿ, ಕಲಿಸಲು ಒಪ್ಪುವ ವೈದ್ಯರನ್ನೋ ಅನುಭವಿ ನರ್ಸ್ ಪ್ರಾಕ್ಟಿಷನರನ್ನೋ, ಅಂದರೆ ಪ್ರಿಸೆಪ್ಟರನ್ನು, ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು ಎಂಬುದು ಅವರ ವಿಶ್ವವಿದ್ಯಾಲಯದ ಪದ್ಧತಿಯಾಗಿತ್ತು. ಕೆಲವು ವಿಶ್ವವಿದ್ಯಾಲಯಗಳು ತಾವೇ ಜಾಗ ಒದಗಿಸುತ್ತವೆ, ಹಲವು ಒದಗಿಸುವುದಿಲ್ಲ. ವನಜಾ ಸೆಮಿಸ್ಟರ್‌ಗೆ ಎರಡು ತಿಂಗಳಿದೆ ಎನ್ನುವಾಗ ಹುಡುಕತೊಡಗಿದರು. ಒಪ್ಪಿದ್ದ ಕ್ಲಿನಿಕ್ಕೊಂದನ್ನು ದೊಡ್ಡ ಆಸ್ಪತ್ರೆ ಸಮೂಹ ಕೊಂಡುಕೊಂಡಿತು, ಹೊಸ ಆಡಳಿತ ಹೊರಗಿನ ವಿದ್ಯಾರ್ಥಿಗಳು ಬೇಡವೆಂದಿತು. ಸೆಮಿಸ್ಟರ್ ಶುರುವಾಗಿ ವಾರಗಳು ಉರುಳುತ್ತಿದ್ದರೂ ಅವರಿಗೆ ಜಾಗವಿರಲಿಲ್ಲ. ಪ್ರಿಸೆಪ್ಟರನ್ನು ಹುಡುಕಿಕೊಡುವ ಮಧ್ಯವರ್ತಿ ಸಂಸ್ಥೆಗಳು ಸಾವಿರಾರು ಡಾಲರ್ ಕೇಳುತ್ತವೆ. ಕೊನೆಗೆ ಕನ್ನಡ ಕೂಟದ ಪರಿಚಯದ ಕನ್ನಡಿಗ ವೈದ್ಯರೊಬ್ಬರು ಒಪ್ಪಿದರು. ಆದರೆ ಕ್ಲಿನಿಕ್ಕಿಗೂ ವಿಶ್ವವಿದ್ಯಾಲಯಕ್ಕೂ ನಡುವೆ ಕಾನೂನು ಒಪ್ಪಂದವಾಗದೆ ಒಂದು ಗಂಟೆಯೂ ಲೆಕ್ಕಕ್ಕೆ ಬರುವುದಿಲ್ಲ. ಅದು ಮುಗಿಯುವ ಹೊತ್ತಿಗೆ ಒಂಬತ್ತು ವಾರವಷ್ಟೇ ಉಳಿದಿತ್ತು. ವಾರಕ್ಕೆ ಇಪ್ಪತ್ತು ಗಂಟೆ ಕ್ಲಿನಿಕ್, ಮೂವತ್ತಾರು ಗಂಟೆ ಪಾಳಿ.

ಆ ಸೆಮಿಸ್ಟರ್ ಅವರು ಪಾಸಾದರು. ಹೊರಗಿನಿಂದ ನೋಡಿದವರಿಗೆ ಅದು ಸಾಧನೆಯಾಗಿ ಕಂಡಿತು. ಆದರೆ ರಾತ್ರಿ ಪಾಳಿ ಮುಗಿಸಿ ನೇರ ಕ್ಲಿನಿಕ್ಕಿಗೆ ಕಾರು ಓಡಿಸಿಕೊಂಡು ಹೋಗುವಾಗ ಕೆಂಪು ದೀಪದ ಬಳಿ ನಿದ್ದೆ ಹತ್ತಿ, ಹಿಂದಿನ ವಾಹನದ ಹಾರನ್ನಿಗೆ ಎಚ್ಚರವಾದ ಸಂಗತಿಯನ್ನು ಅವರು ಪತಿಗೂ ಹೇಳಿರಲಿಲ್ಲ, ನನಗೆ ತಿಂಗಳುಗಳ ನಂತರ ಹೇಳಿದರು. ಇಡೀ ಪ್ರಕರಣದಲ್ಲಿ ನನ್ನನ್ನು ಅತಿ ಹೆಚ್ಚು ಕಳವಳಕ್ಕೀಡು ಮಾಡಿದ್ದು ಈ ಸಂಗತಿ.

ತಿರುವು

2023ರ ಫೆಬ್ರವರಿಯಲ್ಲಿ, ಮಕ್ಕಳ ಆರೋಗ್ಯದ ಕ್ಲಿನಿಕಲ್ ನಡೆಯುತ್ತಿದ್ದಾಗ, ಊರಿನಲ್ಲಿ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಸೊಸೆ ನರ್ಸ್, ಆಕೆಯೇ ಬಂದು ನೋಡಿಕೊಳ್ಳಲಿ ಎಂಬ ಮಾತು ಬಂಧುಗಳಿಂದ ಸಹಜವಾಗಿಯೇ ಬಂತು. ಇಲ್ಲಿ ಅಮೆರಿಕದ ಕಾನೂನಿನ ಒಂದು ಅಂಶ ತೀರ್ಮಾನವನ್ನು ಸುಲಭಗೊಳಿಸಿತು. ಕೆಲಸಕ್ಕೆ ಕುಂದು ಬಾರದಂತೆ ವರ್ಷಕ್ಕೆ ಹನ್ನೆರಡು ವಾರಗಳ ಸಂಬಳರಹಿತ ರಜೆ ಕೊಡುವ 1993ರ ಎಫ್‌ಎಂಎಲ್‌ಎ ಕಾಯಿದೆಯು ಸ್ವಂತ ತಂದೆತಾಯಿಯರ ಆರೈಕೆಗೆ ಅನ್ವಯಿಸುತ್ತದೆ, ಅತ್ತೆಮಾವಂದಿರಿಗೆ ಅನ್ವಯಿಸುವುದಿಲ್ಲ. ರಜೆಯ ಹಕ್ಕು ಇದ್ದದ್ದು ಮಗನಿಗೆ, ಸೊಸೆಗಲ್ಲ. ಪತಿ ಎರಡು ತಿಂಗಳ ಮಟ್ಟಿಗೆ ಊರಿಗೆ ಹೊರಟರು.

ಟೆಕ್ಸಾಸ್‌ನಲ್ಲಿ ಉಳಿದದ್ದು ವನಜಾ, ಇಬ್ಬರು ಮಕ್ಕಳು, ಮೂರು ರಾತ್ರಿ ಪಾಳಿ, ಎರಡು ಹಗಲು ಕ್ಲಿನಿಕ್. ಪಾಳಿಯ ರಾತ್ರಿಗಳಲ್ಲಿ ಮಕ್ಕಳ ಜೊತೆ ಇರಲು ಪರಿಚಯದವರೊಬ್ಬರನ್ನು ಹಣ ಕೊಟ್ಟು ಗೊತ್ತುಮಾಡಿಕೊಂಡರು. ಏಳನೆಯ ವಾರದ ಕೊನೆಗೆ 84 ಆಗಬೇಕಿದ್ದ ಗಂಟೆಗಳು 52 ಆಗಿದ್ದವು. ಮಧ್ಯಂತರ ಪರೀಕ್ಷೆಯಲ್ಲಿ ಪಾಸಾಗಲು 80 ಬೇಕಿದ್ದರೆ ಬಂದದ್ದು 71. ಅದೇ ವಾರ ಮಗಳ ಶಾಲೆಯಿಂದ ಈಮೇಲ್ ಬಂತು: ಹೋಮ್‌ವರ್ಕ್‌ಗಳು ಸಲ್ಲಿಕೆಯಾಗುತ್ತಿಲ್ಲ, ಹುಡುಗಿ ತರಗತಿಯಲ್ಲಿ ತೂಕಡಿಸುತ್ತಾಳೆ. ವಿಚಾರಿಸಿದಾಗ ತಿಳಿದದ್ದು, ತಮ್ಮ ರಾತ್ರಿ ಎದ್ದು ಅತ್ತಾಗ ಜೊತೆಗಿದ್ದವರನ್ನು ಎಬ್ಬಿಸದೆ ತಾನೇ ಎದ್ದು ಮಲಗಿಸುತ್ತಿದ್ದಳು ಎಂದು.

ಈ ಸಂಗತಿಯ ಮೇಲೆ ಸ್ವಲ್ಪ ನಿಲ್ಲಬೇಕು. ನಮ್ಮ ಮನೆಗಳಲ್ಲಿ ಹಿರಿಯ ಮಗಳು ಮನೆಯ ಭಾರ ಹೊರುವುದನ್ನು ನಾವು ಹೊಗಳುತ್ತೇವೆ. "ಎಷ್ಟು ಜವಾಬ್ದಾರಿ ಹುಡುಗಿ" ಎನ್ನುತ್ತೇವೆ. ಹನ್ನೊಂದು ವರ್ಷದ ಮಗುವಿನ ನಿದ್ದೆಯಿಂದ ತಾಯಿಯ ಪದವಿಯ ಗಂಟೆಗಳನ್ನು ಕಡ ತರಬಾರದು ಎಂದು ನಾನು ದೃಢವಾಗಿ ನಂಬುತ್ತೇನೆ, ಮತ್ತು ವನಜಾ ಅವರಿಗೂ ಆ ಈಮೇಲ್ ಓದಿದ ದಿನವೇ ಅದು ಅರ್ಥವಾಗಿತ್ತು.

ಅವರ ಮುಂದಿದ್ದ ದಾರಿಗಳು ಮೂರು. ಹೇಗಾದರೂ ಎಳೆದುಕೊಂಡು ಹೋಗುವುದು. ಅಪೂರ್ಣ ದರ್ಜೆ ಕೇಳಿ ಗಂಟೆಗಳನ್ನು ಮುಂದಿನ ಸೆಮಿಸ್ಟರ್‌ಗೆ ದೂಡುವುದು. ಗಡುವಿನೊಳಗೆ ವಿಷಯವನ್ನು ವಿತ್‌ಡ್ರಾ ಮಾಡುವುದು, ಅಂದರೆ ನಡುವೆಯೇ ಕೈಬಿಡುವುದು. ವಿಶ್ವವಿದ್ಯಾಲಯದ ನಿಯಮದಂತೆ ಬಿ ದರ್ಜೆಗಿಂತ ಕಡಿಮೆ ಬಂದರೆ ಅನುತ್ತೀರ್ಣ, ಎರಡು ಸಲ ಹಾಗಾದರೆ ಕೋರ್ಸಿನಿಂದಲೇ ಹೊರಗೆ. ವಿತ್‌ಡ್ರಾ ಮಾಡಿದರೆ ಅಂಕಪಟ್ಟಿಯಲ್ಲಿ ಡಬ್ಲ್ಯೂ ಎಂದು ಇರುತ್ತದೆಯೇ ಹೊರತು ಸರಾಸರಿಗೆ ಪೆಟ್ಟಿಲ್ಲ. ಅಪೂರ್ಣ ದರ್ಜೆಯು ಮೇಲ್ನೋಟಕ್ಕೆ ಆಕರ್ಷಕವಾಗಿತ್ತು, ಆದರೆ 71 ಅಂಕವನ್ನು ಅದು ಅಳಿಸುತ್ತಿರಲಿಲ್ಲ. ಸಲಹೆಗಾರ ಪ್ರಾಧ್ಯಾಪಕರೂ ಈ ವಿಷಯದಲ್ಲಿ ನೇರವಾಗಿ ಮಾತಾಡಿದರು: ಉಳಿದ ಎಲ್ಲ ಪರೀಕ್ಷೆಗಳಲ್ಲೂ ತೊಂಬತ್ತರ ಹತ್ತಿರ ಅಂಕ ಬಂದರೆ ಮಾತ್ರ ದಾಟಬಹುದು ಎಂದು.

ಗಡುವಿಗೆ ಎರಡು ದಿನವಿದ್ದಾಗ ವನಜಾ ಪತಿಗೆ ಫೋನ್ ಮಾಡಿದರು. "ರೀ, ಈ ಸೆಮಿಸ್ಟರ್ ಬಿಡ್ತೀನಿ, ಇಲ್ಲಾಂದ್ರೆ ಇಡೀ ಕೋರ್ಸೇ ಹೋಗುತ್ತೆ" ಎಂದಾಗ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದ ಪತಿ "ಇಷ್ಟು ದೂರ ಬಂದ್ಮೇಲೆ ಬಿಡೋದಾ? ನಾನು ಬೇಗ ಬಂದ್ಬಿಡ್ತೀನಿ" ಎಂದರು. ಅತ್ತೆ ಫೋನ್ ಇಸಿದುಕೊಂಡು "ನನ್ನಿಂದ ನಿನ್ನ ಓದು ನಿಲ್ಲೋದು ಬೇಡ ಕಣಮ್ಮಾ" ಎಂದರಂತೆ. ಎಲ್ಲರ ಮಾತಿನಲ್ಲೂ ಪ್ರೀತಿಯಿತ್ತು, ಮತ್ತು ಎಲ್ಲರ ಮಾತೂ ಅವರನ್ನು ಮುಂದುವರಿಸುವ ಕಡೆಗೇ ತಳ್ಳುತ್ತಿತ್ತು. ಹಾಗಿದ್ದೂ ಅವರು ವಿತ್‌ಡ್ರಾ ಮಾಡಿದರು. ಆಸ್ಪತ್ರೆ ಆ ವಿಷಯಕ್ಕೆ ಕೊಟ್ಟಿದ್ದ ಹಣವನ್ನು ಕಂತುಗಳಲ್ಲಿ ಹಿಂದಿರುಗಿಸಲು ಒಪ್ಪಿಕೊಂಡರು. ಇಡೀ ಓದಿನಲ್ಲಿ ಅವರು ತೆಗೆದುಕೊಂಡ ಅತ್ಯಂತ ಒಳ್ಳೆಯ ತೀರ್ಮಾನ ಅದೇ ಎಂಬುದು ನನ್ನ ಅಭಿಪ್ರಾಯ.

ಮರುಯೋಜನೆ

ಆ ಬೇಸಿಗೆಯಲ್ಲಿ ಅವರು ಯಾವ ವಿಷಯವನ್ನೂ ತೆಗೆದುಕೊಳ್ಳಲಿಲ್ಲ. ಪತಿ ಮರಳಿದ ನಂತರ ಇಬ್ಬರೂ ಕುಳಿತು ಲೆಕ್ಕವನ್ನು ತಿರುವುಮುರುವು ಮಾಡಿದರು. ಹಿಂದೆ ಪಾಳಿ ಮೊದಲು, ಮನೆ ಆಮೇಲೆ, ಮಿಕ್ಕ ಸಮಯದಲ್ಲಿ ಓದು ಎಂದಿತ್ತು. ಈಗ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಉಳಿದ ಮೂರು ಸೆಮಿಸ್ಟರ್‌ಗಳ ಕ್ಲಿನಿಕ್ ದಿನಗಳನ್ನು ಮೊದಲು ಗುರುತು ಹಾಕಿ, ಅವುಗಳ ಹಿಂದಿನ ರಾತ್ರಿಯನ್ನು ಪಾಳಿಗೆ ನಿಷಿದ್ಧವೆಂದು ಅಡ್ಡಗೆರೆ ಎಳೆದು, ಆಮೇಲೆ ಉಳಿದದ್ದನ್ನು ಹಂಚಿದರು. ಹಾಗೆ ಹಂಚಿದಾಗ ವಾರಕ್ಕೆ ಮೂರು ಪಾಳಿ ಹಿಡಿಸುವುದೇ ಇಲ್ಲ ಎಂಬುದು ಕಣ್ಣಿಗೇ ಕಂಡಿತು. ಅವರ ಆಸ್ಪತ್ರೆಯಲ್ಲಿ ಆರೋಗ್ಯ ವಿಮೆ ಉಳಿಯಲು ವಾರಕ್ಕೆ 24 ಗಂಟೆ ಸಾಕಿತ್ತು. ಶುಕ್ರವಾರ ಮತ್ತು ಶನಿವಾರ ರಾತ್ರಿಯ ಎರಡು ಪಾಳಿಗಳಿಗೆ ಇಳಿದರು. ಸಂಬಳದ ಮೂರನೆಯ ಒಂದು ಭಾಗ ಹೋಯಿತು. ಮನೆ ಕೊಳ್ಳುವ ಯೋಚನೆ ಮತ್ತು ಆ ವರ್ಷದ ಊರಿನ ಪ್ರಯಾಣ ಎರಡನ್ನೂ ಮುಂದಕ್ಕೆ ಹಾಕಿದರು.

ಅತ್ತೆ ನಾದಿನಿಯ ಮನೆಗೆ ಬಂದರು. ಆರೈಕೆಗೆ ಒಬ್ಬ ಆಯಾಳನ್ನು ಗೊತ್ತುಮಾಡಿ, ಖರ್ಚನ್ನು ಇವರು ಕಳಿಸಿದರು. ಪಕ್ಕದ ಬೀದಿಯ ತೆಲುಗು ಕುಟುಂಬದೊಂದಿಗೆ ಕೊಡುಕೊಳ್ಳುವ ಏರ್ಪಾಡಾಯಿತು: ಕ್ಲಿನಿಕ್ಕಿನ ದಿನ ಅವರು ಇವರ ಮಕ್ಕಳನ್ನು ಕರೆತಂದರೆ, ಉಳಿದ ದಿನ ವನಜಾ ಅವರ ಮಕ್ಕಳನ್ನು ಕರೆತರುತ್ತಿದ್ದರು. ಮಗನ ರಾತ್ರಿಯ ಜವಾಬ್ದಾರಿ ಸಂಪೂರ್ಣವಾಗಿ ತಂದೆಯದಾಯಿತು. ಭಾನುವಾರದ ಕನ್ನಡ ತರಗತಿಗೆ ಹೋಗುವುದನ್ನು ಮಗಳು ಬಿಟ್ಟಿದ್ದಳು. ಮತ್ತೆ ಸೇರಿಸಿದರು, ಅಲ್ಲಿ ಅವಳಿಗೆ ಗೆಳತಿಯರಿದ್ದರು.

ಪ್ರಿಸೆಪ್ಟರ್ ಹುಡುಕಾಟ ಈ ಸಲ ಎರಡು ಸೆಮಿಸ್ಟರ್ ಮುಂಚೆಯೇ ಆರಂಭವಾಯಿತು. ಬರಿಯ ಈಮೇಲ್ ಕಳಿಸುವ ಬದಲು, ಸ್ವವಿವರ, ನರ್ಸಿಂಗ್ ಪರವಾನಗಿ, ಲಸಿಕೆ ದಾಖಲೆ, ವಿಮೆ ಪತ್ರ ಮತ್ತು ಒಪ್ಪಂದದ ಕರಡನ್ನು ಒಂದೇ ಕಡತದಲ್ಲಿಟ್ಟುಕೊಂಡು, ಕ್ಲಿನಿಕ್ಕಿನ ವ್ಯವಸ್ಥಾಪಕರನ್ನು ಖುದ್ದಾಗಿ ಕಂಡರು. ಪ್ರತಿ ಜಾಗಕ್ಕೂ ಬದಲಿ ಜಾಗವೊಂದನ್ನು ಮೊದಲೇ ಮಾತಾಡಿಟ್ಟಿದ್ದರು.

ಸಮಯ ಸಿಕ್ಕಿದಾಗ ಕಲಿಕೆ ಹೇಗೆ ಬದಲಾಯಿತು ಎಂಬುದಕ್ಕೆ ಒಂದು ನಿದರ್ಶನ. 2023ರ ಶರತ್ಕಾಲದಲ್ಲಿ ಮಕ್ಕಳ ಕ್ಲಿನಿಕ್ಕಿಗೆ ನಾಲ್ಕು ವರ್ಷದ ಹುಡುಗನೊಬ್ಬ ಕಿವಿನೋವೆಂದು ಬಂದ. ವನಜಾ ಅವನ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಓಟೊಸ್ಕೋಪಿನಲ್ಲಿ ನೋಡಿದರು: ಒಂದೇ ಕಿವಿ, ತಮಟೆ ಕೆಂಪಾಗಿ ಉಬ್ಬಿದೆ, ಜ್ವರ ಅಲ್ಪ, ನೋವು ತಡೆಯುವಷ್ಟು. ಪ್ರಿಸೆಪ್ಟರ್ ಏನನ್ನೂ ಹೇಳದೆ "ನಿಮ್ಮ ತೀರ್ಮಾನ?" ಎಂದಷ್ಟೇ ಕೇಳಿದರು. ಹದಿನೈದು ವರ್ಷ ವೈದ್ಯರ ಆದೇಶವನ್ನು ಚಾಚೂ ತಪ್ಪದೆ ನಡೆಸಿದ ಐಸಿಯು ನರ್ಸ್‌ಗೆ ಈ ಪ್ರಶ್ನೆ ಎಷ್ಟು ಭಾರವೆಂಬುದು ಅದನ್ನು ಎದುರಿಸಿದವರಿಗಷ್ಟೇ ಗೊತ್ತು. ಅವರು ಆಂಟಿಬಯೋಟಿಕ್ ಈಗಲೇ ಬೇಡ, ನೋವಿಗೆ ಔಷಧಿ ಕೊಟ್ಟು ನಲವತ್ತೆಂಟರಿಂದ ಎಪ್ಪತ್ತೆರಡು ಗಂಟೆ ಕಾದು ನೋಡೋಣ, ಹೆಚ್ಚಾದರೆ ಅಮಾಕ್ಸಿಸಿಲಿನ್ ಎಂದರು. ಎರಡು ವರ್ಷ ದಾಟಿದ ಮಗುವಿಗೆ ತೀವ್ರವಲ್ಲದ ಸೋಂಕಿನಲ್ಲಿ, ತಂದೆತಾಯಿ ಒಪ್ಪಿದರೆ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2013ರ ಮಾರ್ಗಸೂಚಿ ಅನುಮತಿಸುವ ಕ್ರಮವೇ ಅದು. ಹಿಂದಿನ ವಸಂತದಲ್ಲಾಗಿದ್ದರೆ ಯೋಚಿಸುವ ಶಕ್ತಿಯೇ ಇರುತ್ತಿರಲಿಲ್ಲ, ಪ್ರಿಸೆಪ್ಟರ್ ಮುಖ ನೋಡುತ್ತಿದ್ದೆ ಎಂದು ಅವರು ನನಗೆ ಹೇಳಿದರು. ಕ್ಲಿನಿಕಲ್ ಗಂಟೆಗಳ ಉದ್ದೇಶ ತೀರ್ಮಾನಿಸುವುದನ್ನು ಕಲಿಯುವುದು. ನಿದ್ದೆಗೆಟ್ಟವರು ಅಲ್ಲಿ ಗಂಟೆಗಳನ್ನು ತುಂಬಿಸಬಹುದು, ಅಷ್ಟೆ.

ಫಲ ಮತ್ತು ಅದರಿಂದ ತಿಳಿದದ್ದು

2024ರ ಡಿಸೆಂಬರ್‌ನಲ್ಲಿ, ಅಂದುಕೊಂಡದ್ದಕ್ಕಿಂತ ಸರಿಯಾಗಿ ಒಂದು ವರ್ಷ ತಡವಾಗಿ, ವನಜಾ ಪದವಿ ಪಡೆದರು. ಮುಂದಿನ ಫೆಬ್ರವರಿಯಲ್ಲಿ ರಾಷ್ಟ್ರೀಯ ಪ್ರಮಾಣಪತ್ರ ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸಾಗಿ, ಟೆಕ್ಸಾಸ್ ನರ್ಸಿಂಗ್ ಮಂಡಳಿಯ ಪರವಾನಗಿ ಮತ್ತು ವೈದ್ಯರೊಬ್ಬರ ಜೊತೆಗಿನ ಒಪ್ಪಂದ ಮುಗಿದ ಮೇಲೆ ಕುಟುಂಬ ಚಿಕಿತ್ಸಾಲಯವೊಂದರಲ್ಲಿ ಹಗಲು ಕೆಲಸಕ್ಕೆ ಸೇರಿದರು. ಒಂದು ವರ್ಷ ಕಡಿಮೆಯಾದ ಆದಾಯ, ಹಿಂದಿರುಗಿಸಿದ ಶುಲ್ಕ ಇವು ಸಣ್ಣ ಮೊತ್ತವಲ್ಲ. ಮಗಳು ಚೇತರಿಸಿಕೊಂಡಿದ್ದಾಳೆ, ಆದರೂ ತಮ್ಮ ಕೆಮ್ಮಿದರೆ ಈಗಲೂ ಮೊದಲು ಏಳುವವಳು ಅವಳೇ ಎಂದು ತಾಯಿ ನೊಂದುಕೊಳ್ಳುತ್ತಾರೆ.

ಇದೇ ದಾರಿ ಹಿಡಿಯುವವರಿಗೆ ಈ ಪ್ರಕರಣದಿಂದ ನಾನು ಮುಖ್ಯವಾಗಿ ಹೇಳುವುದು, ಸೇರುವ ಮೊದಲೇ ಕುಟುಂಬದ ಯೋಜನೆಯನ್ನು ಕ್ಲಿನಿಕಲ್ ಗಂಟೆಗಳ ಮೇಲೆ ಕಟ್ಟಬೇಕು, ಪಾಠಗಳ ಮೇಲಲ್ಲ ಎಂಬುದನ್ನು. ಮೊದಲ ಸೆಮಿಸ್ಟರ್‌ಗಳ ಅಂಕಗಳು ಮುಂದಿನದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಪಾಳಿ ಕಡಿಮೆ ಮಾಡಿಕೊಳ್ಳಲು ಮನೆಯ ಹಣಕಾಸು ಯಾವಾಗ ಅನುವಾಗುತ್ತದೋ ಆಗಲೇ ಕ್ಲಿನಿಕಲ್ ಆರಂಭವಾಗುವಂತೆ ಸೇರುವ ವರ್ಷವನ್ನು ಆರಿಸಿಕೊಳ್ಳುವುದು ವಿವೇಕ. ವಿತ್‌ಡ್ರಾ ಗಡುವಿನ ದಿನಾಂಕಗಳನ್ನು ಸೆಮಿಸ್ಟರ್‌ನ ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕು. ವನಜಾ ಅವರಿಗೆ ಆ ದಿನಾಂಕ ಗೊತ್ತಿದ್ದದ್ದರಿಂದಲೇ ಎರಡು ದಿನ ಮುಂಚೆ ತೀರ್ಮಾನಿಸಲಾಯಿತು.

ಕರ್ನಾಟಕದಲ್ಲಿದ್ದುಕೊಂಡೇ ಈ ಪದವಿಯನ್ನು ಆನ್‌ಲೈನ್‌ನಲ್ಲಿ ಮುಗಿಸಬಹುದೇ ಎಂದು ಕೇಳುವ ತಂಗಿಯರೂ ಇದ್ದಾರೆ. ಇಲ್ಲ, ಕ್ಲಿನಿಕಲ್ ಮಾಡಲು ಅಮೆರಿಕದ ನರ್ಸಿಂಗ್ ಪರವಾನಗಿ ಬೇಕು ಮತ್ತು ಆ ಗಂಟೆಗಳನ್ನು ಪೂರೈಸಬೇಕಾದದ್ದು ಅಲ್ಲಿಯೇ. ಭಾರತದಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿರುವ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ಬೇರೆಯದೇ ಆದದ್ದು. ಆಸ್ಪತ್ರೆಯಲ್ಲಿಯೇ ಇದ್ದು ಓದುವ ಎರಡು ವರ್ಷದ ರೆಸಿಡೆನ್ಸಿ ಅದು.

ಅಮೆರಿಕದಲ್ಲಿರುವವರು ಶುಲ್ಕ ಕಟ್ಟುವ ಮುಂಚೆ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು ಕೇಳಬೇಕಾದ ಪ್ರಶ್ನೆಗಳಿವೆ: ನನ್ನ ಊರಿನ ಸುತ್ತ ನಿಮ್ಮೊಂದಿಗೆ ಈಗಾಗಲೇ ಒಪ್ಪಂದವಿರುವ ಕ್ಲಿನಿಕ್‌ಗಳು ಯಾವುವು, ಪ್ರಿಸೆಪ್ಟರ್ ಸಿಗದಿದ್ದರೆ ಯಾರು ಹುಡುಕಿಕೊಡುತ್ತಾರೆ, ಹೊಸ ಒಪ್ಪಂದಕ್ಕೆ ಎಷ್ಟು ವಾರ ಹಿಡಿಯುತ್ತದೆ, ಒಂದು ಸೆಮಿಸ್ಟರ್ ನಿಲ್ಲಿಸಿದರೆ ಅದೇ ವಿಷಯ ಮತ್ತೆ ಯಾವಾಗ ಸಿಗುತ್ತದೆ. ವನಜಾ ಈಗ ತಮ್ಮನ್ನು ಕೇಳಿಬರುವ ನರ್ಸ್‌ಗಳಿಗೆ ಈ ನಾಲ್ಕನ್ನೂ ಬರೆದುಕೊಡುತ್ತಾರೆ, ಉತ್ತರ ಬರಹದಲ್ಲಿ ಕೈಸೇರುವವರೆಗೆ ಅರ್ಜಿ ಶುಲ್ಕವನ್ನೂ ಕಟ್ಟಬೇಡಿ ಎನ್ನುತ್ತಾರೆ.